ಆತ್ಮಶಂಕೆ ಎಂಬ ಶೂನ್ಯದೋಷ

ಮೈಸೂರಿನ ಆರ್.ಕೆ. ನಾರಾಯಣ್ ಅವರು 1930ರಲ್ಲಿ ಮಹಾರಾಜಾ ಕಾಲೇಜಿನಿಂದ ಪದವಿ ಪಡೆದರು. ಕೆಲಕಾಲ ಉಪಾಧ್ಯಾಯರಾಗಿ, ಆ ಕೆಲಸ ಒಗ್ಗದೆ ಬಿಟ್ಟು, ಬರವಣಿಗೆಯನ್ನೇ ನಂಬಿ ಕುಳಿತರು. ಅವರ ಮೊದಲ ಕಾದಂಬರಿ 'ಸ್ವಾಮಿ ಅಂಡ್ ಫ್ರೆಂಡ್ಸ್'ನ ಹಸ್ತಪ್ರತಿ ಇಂಗ್ಲೆಂಡಿನ ಪ್ರಕಾಶಕರ ಬಳಿಗೆ ಹೋಗುತ್ತಿತ್ತು, ತಿರಸ್ಕೃತವಾಗುತ್ತಿತ್ತು. ಹೀಗೆ ಹಲವು ಬಾರಿ ಆದ ಮೇಲೆ ಅವರು ಬೇಸತ್ತು, ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದ ಗೆಳೆಯ ಪೂರ್ಣ ಅವರಿಗೆ ಒಂದು ಸೂಚನೆ ಕಳುಹಿಸಿದರು: ಆ ಹಸ್ತಪ್ರತಿಗೆ ಒಂದು ಕಲ್ಲು ಕಟ್ಟಿ ಥೇಮ್ಸ್ ನದಿಯಲ್ಲಿ ಮುಳುಗಿಸಿಬಿಡು. ಗೆಳೆಯ ಹಾಗೆ ಮಾಡಲಿಲ್ಲ. ಅದನ್ನು ಆಗ ಆಕ್ಸ್‌ಫರ್ಡಿನಲ್ಲಿದ್ದ ಕಾದಂಬರಿಕಾರ ಗ್ರಹಾಂ ಗ್ರೀನ್ ಅವರ ಕೈಗೆ ತಲುಪಿಸಿದರು. ಗ್ರೀನ್ ಅವರ ಶಿಫಾರಸಿನಿಂದ 1935ರಲ್ಲಿ ಪುಸ್ತಕ ಹೊರಬಂದಿತು.

ಈ ಕಥೆಯನ್ನು ಸಾಮಾನ್ಯವಾಗಿ ಗೆಳೆತನದ ಅಥವಾ ಛಲದ ಉದಾಹರಣೆಯಾಗಿ ಹೇಳುತ್ತಾರೆ. ಛಲದ ಉದಾಹರಣೆ ಎನ್ನುವುದು ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ಲೇಖಕರು ಆ ಕ್ಷಣದಲ್ಲಿ ಛಲ ಬಿಟ್ಟಿದ್ದರು. ಭೌತವಿಜ್ಞಾನದ ಅಧ್ಯಾಪಕನಾಗಿ ನನ್ನ ಗಮನ ಹೋಗುವುದು ಪೂರ್ಣ ಅವರು ಮಾಡಿದ ಎರಡು ಕೆಲಸಗಳ ಕಡೆಗೆ. ಒಂದು, ಹಿಂದಕ್ಕೆ ತೆಗೆದುಕೊಳ್ಳಲಾಗದ ತೀರ್ಮಾನವೊಂದನ್ನು ಅವರು ತಡೆಹಿಡಿದರು. ಎರಡು, ವಸ್ತುವನ್ನು ಇನ್ನೊಂದು ಮಾಪಕದಿಂದ ಅಳೆಯಲು ಕೊಟ್ಟರು. ಬರಹಗಾರರು, ಸಂಗೀತಗಾರರು, ಚಿತ್ರಕಾರರು, ನಟರು ತಮ್ಮ ಬಗೆಗೇ ಶಂಕೆ ತಾಳಿ ಕುಗ್ಗಿದಾಗ ಇಂದಿನ ಆಪ್ತಸಮಾಲೋಚಕರು ಮಾಡಲು ಯತ್ನಿಸುವುದೂ ಬಹುಮಟ್ಟಿಗೆ ಇದನ್ನೇ. ಆ ವಿಧಾನ ವಿಜ್ಞಾನದ ವಿದ್ಯಾರ್ಥಿಗಳಿಗೆ ಅಪರಿಚಿತವಲ್ಲ ಎಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

ಲೈಡನ್ನಿನಲ್ಲಿ ನಡೆದದ್ದು

ಸೃಜನಶೀಲ ವೃತ್ತಿ ಎಂದೊಡನೆ ನಾವು ಕವಿ, ಗಾಯಕರನ್ನು ನೆನೆಯುತ್ತೇವೆ. ವಿಜ್ಞಾನಿಯೂ ಆ ಸಾಲಿಗೇ ಸೇರಿದವನು. 1925ರಲ್ಲಿ ಹಾಲೆಂಡಿನ ಲೈಡನ್ ವಿಶ್ವವಿದ್ಯಾನಿಲಯದಲ್ಲಿ ಊಲೆನ್‌ಬೆಕ್ ಮತ್ತು ಗೌಡ್‌ಸ್ಮಿಟ್ ಎಂಬ ಇಬ್ಬರು ತರುಣರು ಎಲೆಕ್ಟ್ರಾನಿಗೆ ತನ್ನದೇ ಆದ ಗಿರಕಿ ಇದೆ ಎಂಬ ಕಲ್ಪನೆಯನ್ನು ಒಂದು ಚಿಕ್ಕ ಟಿಪ್ಪಣಿಯಾಗಿ ಬರೆದು ತಮ್ಮ ಗುರು ಪಾಲ್ ಎಹ್ರೆನ್‌ಫೆಸ್ಟ್ ಅವರಿಗೆ ಕೊಟ್ಟರು. ಅನಂತರ ಹಿರಿಯರಾದ ಲೊರೆಂಟ್ಸ್ ಅವರನ್ನು ಕೇಳಿದರು. ಲೊರೆಂಟ್ಸ್ ಲೆಕ್ಕ ಹಾಕಿ, ಅಂತಹ ಎಲೆಕ್ಟ್ರಾನಿನ ಮೇಲ್ಮೈ ಬೆಳಕಿಗಿಂತ ಹಲವು ಪಟ್ಟು ವೇಗದಲ್ಲಿ ತಿರುಗಬೇಕಾಗುತ್ತದೆ ಎಂದು ತೋರಿಸಿದರು. ತರುಣರು ಗಾಬರಿಗೊಂಡು ಟಿಪ್ಪಣಿಯನ್ನು ಹಿಂಪಡೆಯಲು ಗುರುವಿನ ಬಳಿಗೆ ಓಡಿದರು. ಎಹ್ರೆನ್‌ಫೆಸ್ಟ್ ಅದನ್ನು ಆಗಲೇ ಪತ್ರಿಕೆಗೆ ಕಳುಹಿಸಿಯಾಗಿತ್ತು. ನೀವಿನ್ನೂ ಚಿಕ್ಕವರು, ಒಂದು ಮೂರ್ಖತನ ಮಾಡಿದರೆ ನಷ್ಟವಿಲ್ಲ ಎಂಬರ್ಥದ ಮಾತು ಹೇಳಿ ಕಳುಹಿಸಿದರು. ಎಲೆಕ್ಟ್ರಾನಿನ ಗಿರಕಿ ಇಂದು ಪದವಿಪೂರ್ವ ತರಗತಿಯ ಪಾಠ.

ಇಲ್ಲಿ ಒಂದು ಸೂಕ್ಷ್ಮವಿದೆ. ಲೊರೆಂಟ್ಸ್ ಅವರ ಲೆಕ್ಕ ತಪ್ಪಾಗಿರಲಿಲ್ಲ. ಎಲೆಕ್ಟ್ರಾನನ್ನು ತಿರುಗುವ ಚೆಂಡು ಎಂದು ತಿಳಿದರೆ ಆ ಆಕ್ಷೇಪ ಸರಿಯೇ. ತಪ್ಪಿದ್ದುದು ಚೆಂಡಿನ ಚಿತ್ರದಲ್ಲಿ, ಕಲ್ಪನೆಯ ತಿರುಳಿನಲ್ಲಲ್ಲ. ಹೀಗಾಗಿ ತರುಣರ ಶಂಕೆಗೆ ಆಧಾರವಿತ್ತು; ಆದರೆ ಶಂಕೆಯಿಂದ ಅವರು ಹೊರಡಿಸಿದ ತೀರ್ಮಾನ, ಅಂದರೆ ಹಿಂಪಡೆಯಬೇಕೆನ್ನುವುದು, ಸರಿಯಾಗಿರಲಿಲ್ಲ. ಅದೇ ವರ್ಷದ ಆರಂಭದಲ್ಲಿ ರಾಲ್ಫ್ ಕ್ರೋನಿಗ್ ಎಂಬ ಇನ್ನೊಬ್ಬ ತರುಣನಿಗೂ ಇದೇ ಕಲ್ಪನೆ ಹೊಳೆದಿತ್ತು. ಪೌಲಿ ಅವರು ಅದನ್ನು ತಳ್ಳಿಹಾಕಿದರು. ಕ್ರೋನಿಗ್ ಪ್ರಕಟಿಸಲಿಲ್ಲ. ಅವರ ಪಾಲಿಗೆ ಒಬ್ಬ ಎಹ್ರೆನ್‌ಫೆಸ್ಟ್ ಇರಲಿಲ್ಲ.

ಎಹ್ರೆನ್‌ಫೆಸ್ಟ್ ಅವರ ಪಾಲಿಗೂ ಒಬ್ಬ ಎಹ್ರೆನ್‌ಫೆಸ್ಟ್ ಇರಲಿಲ್ಲ ಎನ್ನಬೇಕು. ಶಿಷ್ಯರ ಶಂಕೆಯನ್ನು ಅಷ್ಟು ಹಗುರವಾಗಿ ನಿವಾರಿಸಿದ ಈ ಗುರು, ತಾನು ಅಸಮರ್ಥನೆಂಬ ಭಾವನೆಯಿಂದ ವರ್ಷಗಟ್ಟಲೆ ಬಳಲಿದರು. ದೀರ್ಘಕಾಲದ ಖಿನ್ನತೆ ಮತ್ತು ಮನೆಯ ಕಷ್ಟಗಳೂ ಸೇರಿದ್ದುವು. 1933ರಲ್ಲಿ ಅವರ ಬದುಕು ದುರಂತದಲ್ಲಿ ಕೊನೆಗೊಂಡಿತು. ಗೆಳೆಯ ಐನ್‌ಸ್ಟೈನ್ ಆಮೇಲೆ ಬರೆದ ನೆನಪಿನ ಲೇಖನದಲ್ಲಿ, ಎಹ್ರೆನ್‌ಫೆಸ್ಟ್ ಅವರ ವಿಮರ್ಶನ ಶಕ್ತಿ ಅವರ ನಿರ್ಮಾಣ ಶಕ್ತಿಯನ್ನು ಮೀರಿಸಿತ್ತು, ಅದೇ ಅವರನ್ನು ಕಾಡಿತು ಎಂದು ಗುರುತಿಸಿದರು. ಐನ್‌ಸ್ಟೈನ್, ಬೋರ್ ಮುಂತಾದವರ ಸ್ನೇಹ, ಮೆಚ್ಚುಗೆ ಎಹ್ರೆನ್‌ಫೆಸ್ಟ್ ಅವರಿಗೆ ಧಾರಾಳವಾಗಿ ದೊರೆತಿತ್ತು ಎಂಬುದನ್ನು ನೆನಪಿನಲ್ಲಿಡಿ. ಮೆಚ್ಚುಗೆ ಏಕೆ ಸಾಲಲಿಲ್ಲ?

ಮೆಚ್ಚುಗೆ ಏಕೆ ಸಾಲದು?

ಪ್ರಯೋಗಶಾಲೆಯ ಸ್ಕ್ರೂಗೇಜನ್ನು ನೆನಪಿಸಿಕೊಳ್ಳಿ. ಎರಡು ಮುಖಗಳೂ ಕೂಡಿದಾಗ ಅದು ಸೊನ್ನೆಯನ್ನು ತೋರಿಸದಿದ್ದರೆ ಅದಕ್ಕೆ ಶೂನ್ಯದೋಷವಿದೆ ಎನ್ನುತ್ತೇವೆ. ಅಂತಹ ಸ್ಕ್ರೂಗೇಜಿನಿಂದ ತಂತಿಯ ದಪ್ಪವನ್ನು ಹತ್ತು ಸಲ ಅಳೆದು ಸರಾಸರಿ ತೆಗೆದರೂ, ನೂರು ಸಲ ಅಳೆದರೂ ಉತ್ತರ ತಪ್ಪೇ. ಯಾದೃಚ್ಛಿಕ ದೋಷಗಳು ಸರಾಸರಿಯಲ್ಲಿ ಕರಗುತ್ತವೆ, ಶೂನ್ಯದೋಷ ಕರಗುವುದಿಲ್ಲ. ವಾಚನಗಳ ಸಂಖ್ಯೆ ಹೆಚ್ಚಿಸುವುದು ಅದಕ್ಕೆ ಪರಿಹಾರವಲ್ಲ, ಉಪಕರಣವನ್ನು ಪರೀಕ್ಷಿಸುವುದು ಪರಿಹಾರ.

ಆತ್ಮಶಂಕೆಯೂ ಹೀಗೆಯೇ. ಕುಗ್ಗಿದ ಕಲಾವಿದನಿಗೆ ಸ್ನೇಹಿತರು ನೂರು ಸಲ "ಚೆನ್ನಾಗಿದೆ" ಎಂದರೂ ಪ್ರತಿ ಸಲವೂ ಅವನ ಒಳಗಿನ ಮಾಪಕ ಅದರಿಂದ ಒಂದಿಷ್ಟನ್ನು ಕಳೆದೇ ಓದುತ್ತದೆ: ಅವರು ಸಂಕೋಚಕ್ಕೆ ಹೇಳಿದರು, ಅವರಿಗೆ ಸಂಗೀತ ತಿಳಿಯದು, ಈ ಸಲ ಅದೃಷ್ಟ ಚೆನ್ನಾಗಿತ್ತು. ಟೀಕೆ ಬಂದರೆ ಮಾತ್ರ ಏನನ್ನೂ ಕಳೆಯದೆ ಪೂರ್ತಿ ಸ್ವೀಕರಿಸುತ್ತದೆ. ಡಯೋಡು ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಹಾಗೆ.

1978ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಪಾಲಿನ್ ಕ್ಲಾನ್ಸ್ ಮತ್ತು ಸುಜಾನ್ ಐಮ್ಸ್ ಅವರು ತಮ್ಮ ವೃತ್ತಿಯಲ್ಲಿ ಚೆನ್ನಾಗಿ ಸಾಧಿಸಿದ್ದ ನೂರೈವತ್ತಕ್ಕೂ ಹೆಚ್ಚು ಮಹಿಳೆಯರನ್ನು ಕಂಡ ಅನುಭವದಿಂದ ಈ ಸ್ಥಿತಿಯನ್ನು ವರ್ಣಿಸಿದರು. ಪದವಿ, ಬಹುಮಾನ, ಸಹೋದ್ಯೋಗಿಗಳ ಗೌರವ ಎಲ್ಲ ಇದ್ದರೂ, ತಾವು ಜನರನ್ನು ಮೋಸಗೊಳಿಸುತ್ತಿದ್ದೇವೆ, ಒಂದು ದಿನ ಬಯಲಾಗುತ್ತದೆ ಎಂದು ಅವರು ನಂಬಿದ್ದರು. ಇದನ್ನು ಕನ್ನಡದಲ್ಲಿ 'ಸೋಗಿನ ಭಾವ' ಎನ್ನಬಹುದು. ಪುರುಷರಲ್ಲೂ ಇದು ಕಂಡುಬರುತ್ತದೆಂದು ಮುಂದೆ ಗೊತ್ತಾಯಿತು. ಇದು ವೈದ್ಯಕೀಯ ವರ್ಗೀಕರಣದಲ್ಲಿ ರೋಗವೆಂದು ಸೇರಿಲ್ಲ. ಇದೊಂದು ಓದಿನ ದೋಷ, ಅಷ್ಟೆ. ಆದರೆ ಬಹಳ ದಿನ ಉಳಿದರೆ ಖಿನ್ನತೆ, ಆತಂಕಗಳ ಜೊತೆಗೂಡುತ್ತದೆ.

ಸೃಜನಶೀಲ ವೃತ್ತಿಯವರಲ್ಲಿ ಇದು ತೀವ್ರವಾಗಲು ಕಾರಣಗಳುಂಟು. ಬಡಗಿ ಮಾಡಿದ ಕುರ್ಚಿ ಅಲುಗಾಡುತ್ತದೋ ಇಲ್ಲವೋ ಕುಳಿತ ಕೂಡಲೇ ತಿಳಿಯುತ್ತದೆ. ಕಾದಂಬರಿ ಅಲುಗಾಡುತ್ತದೋ ಎಂದು ತಿಳಿಯಲು ವರ್ಷಗಳು ಬೇಕು, ಆಗಲೂ ಇಬ್ಬರು ಓದುಗರು ಎರಡು ಮಾತು ಹೇಳುತ್ತಾರೆ. ನಿರ್ದಿಷ್ಟ ಮಾನವಿಲ್ಲದ ಕಡೆ ಮನಸ್ಸು ಹೋಲಿಕೆಯನ್ನು ಮಾನವಾಗಿ ಬಳಸುತ್ತದೆ. ಹೋಲಿಕೆ ಮಾಡುವುದಾದರೂ ಹೇಗೆ? ತನ್ನ ಕರಡು, ಹೊಡೆದು ಹಾಕಿದ ಸಾಲು, ಬೆಳಗಿನ ಸಾಧನೆಯ ಅಪಸ್ವರ ಇವುಗಳನ್ನು ಬೇರೆಯವರ ಮುದ್ರಿತ ಪುಸ್ತಕ ಮತ್ತು ಆಯ್ದ ಕಛೇರಿಯೊಡನೆ. ಒಂದು ಕಡೆ ಸೋಸದ ಸಂಕೇತ, ಇನ್ನೊಂದು ಕಡೆ ಸೋಸಿದ ಸಂಕೇತ. ಮೇಲಾಗಿ, ಕಲಿಯುವವನ ಅಭಿರುಚಿ ಅವನ ಕೈಗಿಂತ ವೇಗವಾಗಿ ಬೆಳೆಯುತ್ತದೆ. ಮೊದಲ ವರ್ಷದಲ್ಲಿ ಕೇಳಿಸದ ಶ್ರುತಿದೋಷ ಐದನೆಯ ವರ್ಷದಲ್ಲಿ ಕಿವಿಗೆ ಚುಚ್ಚುತ್ತದೆ. ಅವನು ಹಿಂದೆ ಬಿದ್ದನೆಂದು ತಿಳಿಯುತ್ತಾನೆ; ವಾಸ್ತವದಲ್ಲಿ ಅವನ ಉಪಕರಣದ ಸೂಕ್ಷ್ಮತೆ ಹೆಚ್ಚಿದೆ.

ನನ್ನದೇ ಒಂದು ಸಂಶೋಧನ ಲೇಖನ ಎಂಟು ತಿಂಗಳು ಮೇಜಿನ ಸೆಳೆಖಾನೆಯಲ್ಲಿ ಕುಳಿತಿತ್ತು. ಎಲ್ಲೋ ತಪ್ಪಿದೆ ಎನಿಸುತ್ತಿತ್ತು. ಎಲ್ಲಿ ಎಂದು ಒಮ್ಮೆಯೂ ಹುಡುಕಿರಲಿಲ್ಲ. 'ಎಲ್ಲೋ' ಎಂಬ ಆ ಪದವೇ ಲಕ್ಷಣ. ನಿಜವಾದ ವಿಮರ್ಶೆ ಪುಟ ಮತ್ತು ಸಾಲು ತೋರಿಸುತ್ತದೆ.

ಮೈಸೂರಿಗೆ ಬಂದ ಮನೋವಿಜ್ಞಾನ

ಮನಸ್ಸನ್ನು ಅಳೆಯುವ ವಿಜ್ಞಾನಕ್ಕೆ ಮೈಸೂರಿನಲ್ಲಿ ನೂರು ವರ್ಷ ಮೀರಿದೆ. 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನೋವಿಜ್ಞಾನ ವಿಭಾಗವನ್ನು ಕಟ್ಟಿದವರು ಡಾ. ಎಂ.ವಿ. ಗೋಪಾಲಸ್ವಾಮಿ. ಅವರು ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಅವರಲ್ಲಿ ಅಭ್ಯಾಸ ಮಾಡಿದ್ದರು. ಸಂಖ್ಯಾಶಾಸ್ತ್ರ ಓದಿದವರಿಗೆ ಸ್ಪಿಯರ್‌ಮನ್ ಹೆಸರು ಶ್ರೇಣಿ ಸಹಸಂಬಂಧದಿಂದ ಪರಿಚಿತ. ಮಾಪನದಲ್ಲಿ ದೋಷವಿದ್ದಾಗ ಎರಡು ಗುಣಗಳ ನಡುವಣ ಸಂಬಂಧ ಇರುವುದಕ್ಕಿಂತ ಕಡಿಮೆಯಾಗಿ ತೋರುತ್ತದೆ, ಅದನ್ನು ಸರಿಪಡಿಸಿಕೊಳ್ಳಬೇಕು ಎಂದು 1904ರಲ್ಲೇ ತೋರಿಸಿದವರು ಅವರು. ಗೋಪಾಲಸ್ವಾಮಿಯವರನ್ನು ಸಾಮಾನ್ಯ ಜನ ನೆನೆಯುವುದು ಬೇರೆ ಕಾರಣಕ್ಕೆ: 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ಸಣ್ಣ ಪ್ರೇಷಕವೊಂದರ ನೆರವಿನಿಂದ ಅವರು ಬಾನುಲಿ ಪ್ರಸಾರ ಆರಂಭಿಸಿದರು. ಅದಕ್ಕೆ ಬಂದ 'ಆಕಾಶವಾಣಿ' ಎಂಬ ಹೆಸರು ಮುಂದೆ ಇಡೀ ದೇಶದ ಬಾನುಲಿಯ ಹೆಸರಾಯಿತು. ಮನಸ್ಸಿನ ಪ್ರಯೋಗಶಾಲೆಯನ್ನು ಕಟ್ಟಿದವರೇ ಊರಿನ ಕಲಾವಿದರ ಮುಂದೆ ಮೈಕನ್ನೂ ಇಟ್ಟರು!

ಅದೇ 1924ರಲ್ಲಿ ಮೈಸೂರಿನಲ್ಲಿ ಇನ್ನೊಂದು ಭೇಟಿ ನಡೆಯಿತು. ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದ ತರುಣ ಕುವೆಂಪು ಅವರು ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರನ್ನು ಕಂಡರು. ಕಸಿನ್ಸ್ ಹೊಗಳಿ ಕಳುಹಿಸಲಿಲ್ಲ. ಮಾತೃಭಾಷೆಯಲ್ಲಿ ಬರೆಯಬಾರದೇಕೆ ಎಂದು ಕೇಳಿದರು. ತರುಣನಿಗೆ ಆ ಹೊತ್ತಿಗೆ ನಿರಾಶೆಯೇ ಆಯಿತು. ಆದರೆ ಆ ಮಾತು 'ನೀನು ಕವಿಯಲ್ಲ' ಎನ್ನಲಿಲ್ಲ. ಬದಲಿಸಬಹುದಾದ ಒಂದು ಚರವನ್ನು ತೋರಿಸಿತು. ಹುಸಿ ಮೆಚ್ಚುಗೆಗೂ ನಿರ್ದಿಷ್ಟ ವಿಮರ್ಶೆಗೂ ಇರುವ ಅಂತರ ಅಷ್ಟು.

ಸಮಾಲೋಚಕರ ಕೊಠಡಿಯಲ್ಲಿ

'ಸಲಹೆ' ಎಂಬ ಪದದಿಂದ ಒಂದು ತಪ್ಪು ಕಲ್ಪನೆ ಹುಟ್ಟುತ್ತದೆ. ಸಮಾಲೋಚಕರು ಉಪದೇಶ ಮಾಡುವುದಿಲ್ಲ. ಬಂದವನ ಮಾತನ್ನು ಬೆಲೆಕಟ್ಟದೆ ಕೇಳುವುದೇ ಕೆಲಸದ ತಳಹದಿ ಎಂದು 1940ರ ದಶಕದಿಂದ ವಾದಿಸಿದವರು ಅಮೆರಿಕದ ಕಾರ್ಲ್ ರೋಜರ್ಸ್. 1960ರ ದಶಕದಲ್ಲಿ ಫಿಲಡೆಲ್ಫಿಯಾದ ಮನೋವೈದ್ಯ ಏರನ್ ಬೆಕ್ ಇನ್ನೊಂದು ಹೆಜ್ಜೆ ಇಟ್ಟರು. ಖಿನ್ನರಾದವರ ಮನಸ್ಸಿನಲ್ಲಿ ತಮ್ಮ ಬಗೆಗೆ ಕಠೋರವಾದ ಆಲೋಚನೆಗಳು ತಾವಾಗಿಯೇ ಮಿಂಚಿ ಹೋಗುತ್ತವೆ, ಅವರು ಅವನ್ನು ಪರೀಕ್ಷಿಸದೆ ಸತ್ಯವೆಂದು ಹಿಡಿಯುತ್ತಾರೆ ಎಂದು ಅವರು ಗಮನಿಸಿದರು. ಅವರ ಚಿಕಿತ್ಸೆಯಲ್ಲಿ ಆಲೋಚನೆ ಒಂದು ಊಹೆ ಮಾತ್ರ. ಚಿಕಿತ್ಸಕ ಮತ್ತು ಬಂದವರು ಇಬ್ಬರೂ ಸೇರಿ ಅದನ್ನು ಪರೀಕ್ಷಿಸುತ್ತಾರೆ. ಬೆಕ್ 2021ರಲ್ಲಿ, ನೂರನೆಯ ವಯಸ್ಸಿನಲ್ಲಿ ತೀರಿಕೊಂಡರು. ಅರಿವಿನ ವರ್ತನಾ ಚಿಕಿತ್ಸೆ ಎಂಬ ಅವರ ಪದ್ಧತಿ ಅಷ್ಟರಲ್ಲಿ ಜಗತ್ತಿನ ಎಲ್ಲೆಡೆ ಹರಡಿತ್ತು.

ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ಮೈಸೂರಿನ ಒಬ್ಬ ವೀಣಾವಾದಕಿ. ಹದಿನೈದು ವರ್ಷದ ಸಾಧನೆ. ದಸರೆಯ ಒಂದು ಕಾರ್ಯಕ್ರಮಕ್ಕೆ ಆಹ್ವಾನ ಬಂದಿದೆ. ಹಿಂದಿನ ಮೂರು ಆಹ್ವಾನಗಳನ್ನು ನೆಪ ಹೇಳಿ ತಪ್ಪಿಸಿಕೊಂಡಿದ್ದಾರೆ. ಸಮಾಲೋಚಕರು ಮೊದಲು ಕೇಳುವುದು: ಆಹ್ವಾನ ಪತ್ರ ಓದಿದ ಕ್ಷಣದಲ್ಲಿ ಮನಸ್ಸಿಗೆ ಬಂದ ವಾಕ್ಯ ಯಾವುದು? "ತಾನ ನುಡಿಸುವಾಗ ಬೆರಳು ನಡುಗುತ್ತದೆ, ಎಲ್ಲರಿಗೂ ಗೊತ್ತಾಗುತ್ತದೆ, ಮತ್ತೆ ಯಾರೂ ಕರೆಯುವುದಿಲ್ಲ." ಇದನ್ನು ಎಷ್ಟು ನಂಬುತ್ತೀರಿ? ನೂರಕ್ಕೆ ತೊಂಬತ್ತು. ಈಗ ಅಸ್ಪಷ್ಟ ದುಗುಡವೊಂದು ಮೂರು ಪ್ರತ್ಯೇಕ ಊಹೆಗಳಾಗಿ ಒಡೆಯಿತು, ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಬಹುದು.

ಮೊದಲನೆಯದು ನಿಜವೇ ಇರಬಹುದು. ವೇದಿಕೆಯ ಭಯದಲ್ಲಿ ಅಡ್ರಿನಲಿನ್ ಸ್ರವಿಸಿ ಹೃದಯಬಡಿತ ಏರುತ್ತದೆ, ಬೆರಳು ತಣ್ಣಗಾಗುತ್ತದೆ, ಸಣ್ಣಗೆ ನಡುಗಲೂಬಹುದು. ಅದನ್ನು ಅಲ್ಲಗಳೆಯುವುದು ಬೇಡ. ಎರಡನೆಯದು? ತನ್ನ ಒಳಗಿನ ಸ್ಥಿತಿ ಹೊರಗಿನವರಿಗೆ ಗಾಜಿನಂತೆ ಕಾಣುತ್ತದೆಂದು ಎಲ್ಲರೂ ಹೆಚ್ಚಾಗಿಯೇ ಭಾವಿಸುತ್ತಾರೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಥಾಮಸ್ ಗಿಲೊವಿಚ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಸ್ವಾರಸ್ಯಕರ. ವಿದ್ಯಾರ್ಥಿಯೊಬ್ಬನಿಗೆ ಮುಜುಗರ ತರುವ ಚಿತ್ರವಿದ್ದ ಅಂಗಿ ತೊಡಿಸಿ, ಬೇರೆ ವಿದ್ಯಾರ್ಥಿಗಳು ಕುಳಿತಿದ್ದ ಕೊಠಡಿಗೆ ಕಳುಹಿಸಿದರು. ಎಷ್ಟು ಜನ ಆ ಚಿತ್ರವನ್ನು ಗುರುತಿಸಿದರು ಎಂದು ಕೇಳಿದಾಗ ಅಂಗಿ ತೊಟ್ಟವರು ಸುಮಾರು ಅರ್ಧದಷ್ಟು ಮಂದಿ ಎಂದರು. ನಿಜವಾಗಿ ಗುರುತಿಸಿದವರು ಕಾಲುಭಾಗದಷ್ಟು.

ಆದರೆ ವೀಣಾವಾದಕಿಗೆ ಕಾರ್ನೆಲ್ಲಿನ ಅಂಕಿಅಂಶ ಸಾಲದು. ಅವರದೇ ದತ್ತಾಂಶ ಬೇಕು. ಆದ್ದರಿಂದ ಹತ್ತು ಜನರೆದುರು ಮನೆಯಲ್ಲೇ ಒಂದು ಚಿಕ್ಕ ಕಛೇರಿ. ಅದಕ್ಕೆ ಮೊದಲು ಭವಿಷ್ಯವಾಣಿಯನ್ನು ಬರೆದಿಡಬೇಕು: ಎಷ್ಟು ಜನ ನಡುಕವನ್ನು ಗಮನಿಸುತ್ತಾರೆ? ಕಛೇರಿಯ ದೃಶ್ಯವನ್ನು ಧ್ವನಿಸಹಿತ ಮುದ್ರಿಸಿ, ಕೆಲವು ದಿನ ಬಿಟ್ಟು, ಬೇರೆ ಯಾರದೋ ವಾದನವೆಂಬಂತೆ ನೋಡಬೇಕು. ಬರೆದಿಡುವುದು ಮುಖ್ಯ. ಇಲ್ಲದಿದ್ದರೆ ಫಲಿತಾಂಶ ಬಂದ ಮೇಲೆ ಮನಸ್ಸು ಊಹೆಯನ್ನೇ ತಿದ್ದಿಬಿಡುತ್ತದೆ. ನಮ್ಮ ವಿದ್ಯಾರ್ಥಿಗಳು ಉತ್ತರ ನೋಡಿ ವಾಚನ ತಿದ್ದುವ ಹಾಗೆ.

ಇನ್ನೊಂದು ನಿಯಮ ನಮ್ಮ ಶಾಲೆಯಿಂದಲೇ ಬಂದಂತಿದೆ. ಆತಂಕವಿದ್ದವರು ಕೆಲವು ಊರುಗೋಲುಗಳನ್ನು ಹಿಡಿದಿರುತ್ತಾರೆ: ಕಛೇರಿಗೆ ಮೊದಲೇ "ಈ ದಿನ ಜ್ವರ" ಎಂದು ಹೇಳಿಬಿಡುವುದು, ಸುಲಭವಾದ ಕೃತಿಗಳನ್ನಷ್ಟೇ ಆರಿಸುವುದು, ಸಭೆಯತ್ತ ಕಣ್ಣೆತ್ತದಿರುವುದು. ಇಂಗ್ಲೆಂಡಿನ ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ 1995ರಲ್ಲಿ ಇವುಗಳ ಪಾತ್ರವನ್ನು ವಿವರಿಸಿದರು. ಊರುಗೋಲು ಹಿಡಿದು ಕಛೇರಿ ಚೆನ್ನಾಗಿ ನಡೆದರೆ ಕೀರ್ತಿ ಊರುಗೋಲಿಗೆ ಹೋಗುತ್ತದೆ, ನಂಬಿಕೆ ಹಾಗೇ ಉಳಿಯುತ್ತದೆ. ಎರಡು ಚರಗಳು ಒಟ್ಟಿಗೆ ಬದಲಾದರೆ ಪ್ರಯೋಗ ಕೆಟ್ಟಿತು. ಆದ್ದರಿಂದ ಒಂದೊಂದೇ ಊರುಗೋಲನ್ನು ಬಿಟ್ಟು ನೋಡಬೇಕು.

ಹೀಗೆ ಕೆಲವು ವಾರ ನಡೆದ ಮೇಲೆ ತೊಂಬತ್ತು ಸೊನ್ನೆಯಾಗುವುದಿಲ್ಲ. ಬಹುಶಃ ನಲವತ್ತಾಗುತ್ತದೆ. ಆಹ್ವಾನ ಒಪ್ಪಲು ಅಷ್ಟು ಸಾಕು. ಶಂಕೆ ಪೂರ್ತಿ ಹೋಗಬೇಕೆಂದು ಕಾಯುವವರು ವೇದಿಕೆ ಹತ್ತುವುದೇ ಇಲ್ಲ. ಅಲ್ಲದೆ ಶಂಕೆ ಪೂರ್ತಿ ಹೋದ ಕಲಾವಿದರ ಕಛೇರಿಗಳನ್ನೂ ನಾನು ಕೇಳಿದ್ದೇನೆ!

ಎಲ್ಲವೂ ಮನಸ್ಸಿನದಲ್ಲ

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕಲಾವಿದನ ಕುಗ್ಗುವಿಕೆಗೆಲ್ಲ ಶೂನ್ಯದೋಷವೇ ಕಾರಣವೆನ್ನಲಾಗದು. ಸಂಭಾವನೆ ಬಾರದಿರುವುದು, ಅವಕಾಶಗಳು ಕೆಲವರಲ್ಲೇ ಸುತ್ತುವುದು, ಜಾತಿ ಅಥವಾ ಹೆಣ್ಣೆಂಬ ಕಾರಣಕ್ಕೆ ಕಡೆಗಣಿಸುವುದು, ಇವು ಹೊರಗಿನ ಸಂಗತಿಗಳು. ನಾರಾಯಣ್ ಅವರ ಮೊದಲ ಪುಸ್ತಕ ಪ್ರಕಟವಾದ ಮೇಲೂ ಚೆನ್ನಾಗಿ ಮಾರಾಟವಾಗಲಿಲ್ಲ. ಮುಂದಿನ ಕಾದಂಬರಿಗಳಿಗೆ ಬೇರೆ ಬೇರೆ ಪ್ರಕಾಶಕರನ್ನು ಹುಡುಕಬೇಕಾಯಿತು. ಅದು ಅವರ ಮನಸ್ಸಿನ ಭ್ರಮೆಯಲ್ಲ, ಲೆಕ್ಕಪತ್ರದ ಸಂಗತಿ. ಒಳ್ಳೆಯ ಸಮಾಲೋಚಕರು ಇವೆರಡನ್ನೂ ಬೇರ್ಪಡಿಸುತ್ತಾರೆ. ಬೇರ್ಪಡಿಸದೆ 'ಧನಾತ್ಮಕವಾಗಿ ಚಿಂತಿಸಿ' ಎನ್ನುವವರ ಬಗೆಗೆ ನನಗೆ ಗೌರವ ಕಡಿಮೆ.

ಶೋಕವೂ ಬೇರೆ. 1939ರಲ್ಲಿ ಪತ್ನಿ ರಾಜಂ ಅವರು ವಿಷಮಶೀತ ಜ್ವರದಿಂದ ತೀರಿಕೊಂಡಾಗ ನಾರಾಯಣ್ ಅವರ ಬರವಣಿಗೆಗೆ ತಡೆಬಿದ್ದಿತು. ಆ ಅನುಭವದಿಂದ ಮೂಡಿದ 'ದ ಇಂಗ್ಲಿಷ್ ಟೀಚರ್' ಹೊರಬಂದದ್ದು 1945ರಲ್ಲಿ. ಅಂತಹ ಮೌನವನ್ನು ಆತ್ಮಶಂಕೆಯೆಂದು ತಿಳಿದು ಪ್ರಯೋಗಕ್ಕೆ ಒಡ್ಡಲು ಹೊರಟರೆ ಅದು ಅವಿವೇಕ.

ಮೂರನೆಯದು ಕಾಯಿಲೆ. ಎರಡು ವಾರಕ್ಕಿಂತ ಹೆಚ್ಚು ಕಾಲ ದಿನದ ಬಹುಪಾಲು ಮನಸ್ಸು ಕುಗ್ಗಿದ್ದರೆ, ನಿದ್ರೆ ಮತ್ತು ಹಸಿವು ಕೆಟ್ಟಿದ್ದರೆ, ಮೊದಲು ಸಂತೋಷ ಕೊಡುತ್ತಿದ್ದ ಯಾವುದೂ ರುಚಿಸದಿದ್ದರೆ, ಬದುಕು ಬೇಡವೆಂಬ ಮಾತು ಬಂದರೆ, ಆಗ ಗೆಳೆಯರ ಸಮಾಧಾನ ಸಾಲದು, ಮನೋವೈದ್ಯರನ್ನು ಕಾಣಬೇಕು. ಔಷಧಿ ಬೇಕಾಗಬಹುದು, ಅದರಲ್ಲಿ ನಾಚಿಕೆಯೇನಿಲ್ಲ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಆರಂಭಿಸಿದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿ ಮಾತನಾಡಬಹುದು. ಶಾಲಾ ಕಾಲೇಜುಗಳ ಸೂಚನಾ ಫಲಕದಲ್ಲಿ ಈ ಸಂಖ್ಯೆ ಇರಬೇಕು.

ತರಗತಿಯಲ್ಲಿ

ಉಪಾಧ್ಯಾಯರು ಸಮಾಲೋಚಕರಾಗಬೇಕಿಲ್ಲ. ಆದರೆ ಚಿತ್ರ ಬರೆಯುವ, ಕವಿತೆ ಕಟ್ಟುವ, ವಿಜ್ಞಾನ ಮೇಳಕ್ಕೆ ಮಾದರಿ ಮಾಡುವ ಹುಡುಗಿ ತಾನು ಮಾಡಿದ್ದನ್ನು ಹರಿದು ಹಾಕಲು ಹೊರಟಾಗ, "ಒಂದು ವಾರ ನನ್ನ ಹತ್ತಿರ ಇರಲಿ" ಎಂದು ಕೈಚಾಚಬಹುದು. ಅನಂತರ "ಚೆನ್ನಾಗಿದೆ" ಎನ್ನುವ ಬದಲು "ಮೂರನೆಯ ಸಾಲಿನ ಈ ಪದ ನನಗೆ ಹಿಡಿಸಿತು, ಐದನೆಯದು ಅರ್ಥವಾಗಲಿಲ್ಲ" ಎನ್ನಬಹುದು. ಕಳೆಯಲು ಸುಲಭವಲ್ಲದ ವಾಚನ ಅದು.

ಅಂಗಿಯ ಪ್ರಯೋಗವನ್ನು ಪ್ರೌಢಶಾಲೆಯಲ್ಲೇ ಮಾಡಬಹುದು. ಯಾರಿಗೂ ಮುಜುಗರವಾಗದಂತೆ ಒಂದು ಬಣ್ಣದ ಚೀಟಿ ಸಾಕು. ಸ್ವಇಚ್ಛೆಯಿಂದ ಮುಂದೆ ಬಂದ ಒಬ್ಬ ವಿದ್ಯಾರ್ಥಿ ಅಂಗಿಯ ಮೇಲೆ ಚೀಟಿ ಅಂಟಿಸಿಕೊಂಡು ಪಕ್ಕದ ತರಗತಿಗೆ ಹೋಗಿ ಸೀಮೆಸುಣ್ಣ ಕೇಳಿ ಬರಲಿ. ಎಷ್ಟು ಮಂದಿ ಗಮನಿಸಿದರೆಂಬ ತನ್ನ ಅಂದಾಜನ್ನು ಹೊರಗೆ ಬಂದ ಕೂಡಲೇ ಅವನು ಬರೆದು ಮಡಿಚಿ ಕೊಡಲಿ. ಐದು ನಿಮಿಷ ಬಿಟ್ಟು ನೀವು ಹೋಗಿ, ಬಂದವನ ಅಂಗಿಯ ಮೇಲೆ ಏನಿತ್ತು, ಯಾವ ಬಣ್ಣ ಎಂದು ಪಕ್ಕದ ತರಗತಿಯವರನ್ನು ಕೇಳಿ. ಐದಾರು ವಿದ್ಯಾರ್ಥಿಗಳಿಂದ, ಬೇರೆ ಬೇರೆ ತರಗತಿಗಳಲ್ಲಿ ಇದನ್ನು ಮಾಡಿಸಿ, ಅಂದಾಜು ಒಂದು ಸಾಲಿನಲ್ಲಿ, ಎಣಿಕೆ ಇನ್ನೊಂದು ಸಾಲಿನಲ್ಲಿ ಕರಿಹಲಗೆಯ ಮೇಲೆ ಬರೆಯಿರಿ. ಎರಡರ ವ್ಯತ್ಯಾಸವನ್ನು ವಿದ್ಯಾರ್ಥಿಗಳೇ ಲೆಕ್ಕ ಹಾಕಲಿ.